ಹಾರೋದನ್ನ ಮರೆತ ಹಣ್ಣು

ನಿಮ್ಮ ಆಫೀಸ್ ಡ್ರಾಯರಿನಲ್ಲೂ ಒಂದು ಸೂರ್ಯಕಾಂತಿ ಬೀಜದ ಡಬ್ಬಿ ಇದೆಯಾ? ನಮ್ಮ ಟೀಮಿನಲ್ಲಿ ಅರ್ಧ ಜನರ ಹತ್ತಿರ ಇದೆ. ನಾಲ್ಕು ಗಂಟೆ ಮೀಟಿಂಗಿಗೆ ಬಿಸ್ಕೆಟ್ ಬದಲು ಅದೇ. ಸಿಪ್ಪೆ ಸಮೇತ ಸಿಗುತ್ತಲ್ಲ, ಕಪ್ಪು ಬಿಳಿ ಪಟ್ಟೆಯದು, ಅದು ಬೀಜ ಅಲ್ಲ. ಅದೊಂದು ಇಡೀ ಹಣ್ಣು.

ಇದನ್ನು ಹೇಳಿದರೆ ಟೀಮಿನವರು ನಗುತ್ತಾರೆ. ಆದರೆ ಸಸ್ಯಶಾಸ್ತ್ರದ ಲೆಕ್ಕ ಸರಳ. ಹೂವಿನ ಅಂಡಾಶಯ ಬಲಿತು ಏನಾಗುತ್ತೋ ಅದು ಹಣ್ಣು. ಅದರ ಒಳಗಿರೋದು ಬೀಜ. ಮಾವಿನಲ್ಲಿ ಅಂಡಾಶಯದ ಗೋಡೆ ದಪ್ಪಗಾಗಿ, ರಸ ತುಂಬಿ, ನಮ್ಮ ಬಾಯಿಗೆ ಬರುತ್ತೆ. ಸೂರ್ಯಕಾಂತಿಯಲ್ಲಿ ಅದೇ ಗೋಡೆ ಒಣಗಿ ಸಿಪ್ಪೆಯಾಗುತ್ತೆ. ಒಳಗೆ ಒಂದೇ ಬೀಜ. ಹಣ್ಣಾದ ಮೇಲೂ ತಾನಾಗಿ ಬಿರಿಯೋದಿಲ್ಲ. ಹತ್ತಿ, ಎಳ್ಳು, ಬೆಂಡೆ ಒಣಗಿದಾಗ ಬಾಯಿ ಬಿಟ್ಟು ಬೀಜ ಉದುರಿಸುತ್ತವೆ. ಇವು ಹಾಗಲ್ಲ. ಬೀಜ ಬೇರೆ, ಹಣ್ಣು ಬೇರೆ ಅಂತ ಆಗದೆ, ಇಡೀ ಹಣ್ಣೇ ಗಂಟುಮೂಟೆ ಕಟ್ಟಿಕೊಂಡು ಊರು ಬಿಡುತ್ತೆ.

ಈ ಗುಂಪಿಗೆ ಒಂದೇ ಬೀಜದ ಒಣಹಣ್ಣುಗಳು ಅನ್ನಬಹುದು. ಬೀಜ ಗೋಡೆಗೆ ಒಂದೇ ಕಡೆ ಅಂಟಿ, ಉಳಿದಂತೆ ಸಡಿಲವಾಗಿದ್ದರೆ ಅಕೀನ್. ಬೀಜದ ಸಿಪ್ಪೆ ಮತ್ತು ಹಣ್ಣಿನ ಗೋಡೆ ಬಿಡಿಸಲಾಗದಂತೆ ಒಂದಾಗಿದ್ದರೆ ಕ್ಯಾರಿಯಾಪ್ಸಿಸ್. ರೆಕ್ಕೆ ಇದ್ದರೆ ಸಮಾರಾ. ಮಹಾಬಳೇಶ್ವರದ ಸ್ಟ್ರಾಬೆರಿ ತಿಂದಿದ್ದೀರಲ್ಲ, ಅದರ ಮೈಮೇಲಿನ ಸಣ್ಣ ಚುಕ್ಕೆಗಳಿವೆಯಲ್ಲ, ಅಸಲಿ ಹಣ್ಣುಗಳು ಅವು. ಒಂದೊಂದು ಚುಕ್ಕೆ ಒಂದೊಂದು ಅಕೀನ್. ಕೆಂಪಗಿನ ತಿರುಳು ಬರೀ ಗಾದಿ.

ಕ್ಯಾರಿಯಾಪ್ಸಿಸ್ ಯಾವುದು ಅಂತ ಕೇಳಿದಿರಾ? ಗೋಧಿ, ಅಕ್ಕಿ, ಸಜ್ಜೆ, ಜೋಳ. ಅಂದರೆ ನಾನು ಹುಟ್ಟಿದಾಗಿನಿಂದ ಎರಡು ಹೊತ್ತು ತಿಂದ ಜೋಳದ ರೊಟ್ಟಿ, ಲೆಕ್ಕಕ್ಕೆ ಹಣ್ಣಿನ ರೊಟ್ಟಿ. ಇದನ್ನ ನಮ್ಮ ಆಯಿಗೆ ಹೇಳಿದಾಗ ಆಕೆ ಹೇಳಿದ್ದು: "ಹಂಗಾದ್ರ ಏಕಾದಶಿ ದಿನಾ ರೊಟ್ಟಿ ತಿನ್ನಾಕ ಅಡ್ಡಿ ಇಲ್ಲ ಬಿಡ ಯವ್ವಾ, ಫಲಾಹಾರ ಅಂದ್ರ ಆತು."

ನಮ್ಮೂರು ತಿಕೋಟಾ ಹತ್ತಿರ. ವಿಜಯಪುರದಲ್ಲೇ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು 8 ವರ್ಷ ಆಯ್ತು. ತಿಕೋಟಾ ಅಂದ ಕೂಡಲೇ ಜನ "ಓ, ದ್ರಾಕ್ಷಿ" ಅಂತಾರೆ. ಸರಿಯೇ. ಆದರೆ ನಾನು ಇವತ್ತು ಹೇಳಹೊರಟಿರೋದು ದ್ರಾಕ್ಷಿ ಬಗ್ಗೆ ಅಲ್ಲ, ಅದಕ್ಕೆ ಜಾಗ ಬಿಡ್ತಾ ಇರೋ ಒಣ ಹಣ್ಣಿನ ಬಗ್ಗೆ. ಈ ವರ್ಷ ನಮ್ಮ ಮನೆಯಲ್ಲಿ ಆ ಹಣ್ಣಿನ ಮೇಲೇ ಒಂದು ದೊಡ್ಡ ಚರ್ಚೆ ನಡೀತು. ಅದಕ್ಕೆ ಮೊದಲು, ಹಾದಿ ಬದಿಯ ಹಣ್ಣುಗಳು ಹೇಗೆ ಪ್ರಯಾಣ ಮಾಡ್ತವೆ ಅಂತ ನೋಡೋಣ.

ಗಾಳಿ, ಬಟ್ಟೆ, ಟಯರು

ಸಣ್ಣವರಿದ್ದಾಗ ಬಿದ್ದು ಮೊಣಕಾಲು ಕೆತ್ತಿಕೊಂಡರೆ ಒಂದು ಗಿಡದ ಎಲೆ ತಿಕ್ಕಿ ರಸ ಹಚ್ಚುತ್ತಿದ್ದರು, ನೆನಪಿದೆಯಾ? ನೆಲಕ್ಕೆ ಹರಡಿಕೊಂಡಿರುತ್ತೆ, ಉದ್ದ ದಂಟಿನ ತುದಿಗೆ ಒಂದೇ ಹೂವು, ನಡುವೆ ಹಳದಿ, ಸುತ್ತ ಬಿಳಿ ಎಸಳು. ಸಸ್ಯಶಾಸ್ತ್ರದವರು ಟ್ರೈಡಾಕ್ಸ್ ಅಂತಾರೆ. ಮೂಲ ಅಮೆರಿಕ ಖಂಡದ್ದು, ಈಗ ನಮ್ಮ ಬದುವಿನ ಕಾಯಂ ನಿವಾಸಿ. ಹೂವು ಒಣಗಿದ ಮೇಲೆ ಬೂದು ಬಣ್ಣದ ಗುಂಡು ಆಗುತ್ತೆ. ಉಫ್ ಅಂದರೆ ಒಂದೊಂದೇ ಹಾರುತ್ತೆ. ಕೆಳಗೆ ಒಂದು ಸಣ್ಣ ಕಪ್ಪು ಅಕೀನ್, ಮೇಲೆ ಕೂದಲಿನ ಕುಚ್ಚು.

ಈ ಕುಚ್ಚನ್ನು ಪ್ಯಾರಾಚೂಟ್ ಅಂತ ಹೇಳೋದು ರೂಢಿ. ಆದರೆ ಪ್ಯಾರಾಚೂಟಿನಲ್ಲಿ ಬಟ್ಟೆ ಇರುತ್ತೆ, ಇದರಲ್ಲಿ ಖಾಲಿ ಜಾಗವೇ ಜಾಸ್ತಿ. ಹಾಗಾದರೆ ತೇಲೋದು ಹೇಗೆ? ಇದೇ ಕುಟುಂಬದ ಡ್ಯಾಂಡಲಯನ್ ಅನ್ನೋ ಗಿಡದ ಮೇಲೆ ಎಡಿನ್‌ಬರೋ ವಿಶ್ವವಿದ್ಯಾಲಯದವರು ಕೆಲಸ ಮಾಡಿ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಗಾಳಿ ಕೂದಲಿನ ಸಂದಿಯಿಂದ ನುಸುಳಿ ಮೇಲೆ ಹೋಗುವಾಗ, ಕುಚ್ಚಿನ ಸ್ವಲ್ಪ ಮೇಲೆ ಒಂದು ಸುಳಿ ಹುಟ್ಟುತ್ತೆ, ಬಳೆಯ ಆಕಾರದ್ದು. ಅದು ಕುಚ್ಚಿಗೆ ಅಂಟಿಕೊಳ್ಳೋದಿಲ್ಲ, ಚದುರಿಯೂ ಹೋಗೋದಿಲ್ಲ. ಜೊತೆಜೊತೆಗೇ ಇದ್ದು ಹಣ್ಣು ಬೀಳೋದನ್ನು ನಿಧಾನ ಮಾಡುತ್ತೆ. ಕೂದಲುಗಳ ನಡುವಿನ ಅಂತರ ಸರಿಯಾಗಿ ಇಷ್ಟೇ ಇದ್ದರೆ ಮಾತ್ರ ಆ ಬಳೆ ನಿಲ್ಲುತ್ತೆ. ಬಟ್ಟೆ ಉಳಿಸಿ, ಖಾಲಿ ಜಾಗವನ್ನೇ ಬಟ್ಟೆ ಮಾಡಿಕೊಂಡ ಹಾಗೆ!

ಎಕ್ಕೆ ಗಿಡದ ಹತ್ತಿಯೂ ಹೀಗೇ ಹಾರುತ್ತಲ್ಲ ಅಂತ ನೀವು ಕೇಳಬಹುದು. ನೋಡೋಕೆ ಒಂದೇ, ಲೆಕ್ಕ ಬೇರೆ. ಎಕ್ಕೆಯ ಕಾಯಿ ಬಿರಿದು ಒಳಗಿನ ನೂರಾರು ಬೀಜ ಹೊರಗೆ ಬರುತ್ತವೆ. ಅಲ್ಲಿ ಹಾರೋದು ಬೀಜ. ಟ್ರೈಡಾಕ್ಸಿನಲ್ಲಿ ಹಾರೋದು ಹಣ್ಣು.

ಬೇಸಿಗೆಯಲ್ಲಿ ತಪಸಿ ಮರದ ಕೆಳಗೆ ನಿಂತು ನೋಡಿ. ತೆಳ್ಳಗಿನ ದುಂಡು ಹಾಳೆ, ಸರಿಯಾಗಿ ನಡುವೆ ಒಂದು ಬೀಜ. ಇದು ಸಮಾರಾ. ಬಿಸಿಗಾಳಿ ಬೀಸಿದಾಗ ಮರದಿಂದ ಒಣ ಹಾಳೆಗಳು ಸುರಿದು, ರಸ್ತೆಯಲ್ಲಿ ಉರುಳಿ, ಗಟಾರಿನ ಬದಿಗೆ ರಾಶಿಯಾಗುತ್ತವೆ. ಟ್ರೈಡಾಕ್ಸಿನಷ್ಟು ಹಗುರ ಅಲ್ಲ, ದೂರವೂ ಹೋಗಲ್ಲ. ಆದರೆ ತಾಯಿಮರದ ನೆರಳು ದಾಟಿದರೆ ಸಾಕು. ಮರಕ್ಕೆ ಅಷ್ಟೇ ಬೇಕಿರೋದು. ನೆರಳಿನಲ್ಲೇ ಬಿದ್ದ ಮಗು ಬೆಳೆಯೋದಿಲ್ಲ, ಬೆಳಕಿಗೂ ನೀರಿಗೂ ಅಮ್ಮನ ಜೊತೆಗೇ ಜಗಳ.

ರೆಕ್ಕೆ, ಕುಚ್ಚು ಎರಡೂ ಇಲ್ಲದವು ಲಿಫ್ಟ್ ಕೇಳುತ್ತವೆ. ಉತ್ತರಾಣಿ ಗೊತ್ತಲ್ಲ? ಉದ್ದ ಕಡ್ಡಿಗೆ ತಲೆ ಕೆಳಗಾಗಿ ಅಂಟಿದ ಚೂಪು ಹಣ್ಣುಗಳು. ಹೊಲದ ಬದುವಿನಲ್ಲಿ ಒಂದು ಸಲ ನಡೆದರೆ ಸೀರೆಯ ಅಂಚು, ಪ್ಯಾಂಟಿನ ತುದಿ ಎಲ್ಲಾ ಅದೇ. ಕೊಮ್ಮೆಯದು ಇನ್ನೊಂದು ಉಪಾಯ. ಮುಳ್ಳಿಲ್ಲ, ಆದರೆ ಹಣ್ಣಿನ ಮೈಮೇಲೆ ಅಂಟು. ಕುರಿಹಿಂಡು ಹಾದುಹೋದರೆ ಉಣ್ಣೆಗೆ ಹತ್ತಿಕೊಂಡು ಮೈಲುಗಟ್ಟಲೆ ಉಚಿತ ಪ್ರಯಾಣ. ಸ್ವಿಟ್ಜರ್‌ಲೆಂಡಿನ ಇಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ಬೇಟೆಗೆ ಹೋಗಿ ಬಂದಾಗ ನಾಯಿಯ ಕೂದಲಿಗೆ ಹತ್ತಿದ್ದ ಇಂಥದ್ದೇ ಒಂದು ಗಿಡದ ಮುಳ್ಳುಗುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಪ್ರತಿ ಮುಳ್ಳಿನ ತುದಿಗೂ ಕೊಕ್ಕೆ. ಅದರಿಂದ ಬಂದದ್ದೇ ನಿಮ್ಮ ಲ್ಯಾಪ್‌ಟಾಪ್ ಬ್ಯಾಗಿನ ಚರ್ ಚರ್ ಅನ್ನೋ ವೆಲ್ಕ್ರೋ ಪಟ್ಟಿ.

ಈಟಿ ಹುಲ್ಲು ಇವೆಲ್ಲಕ್ಕಿಂತ ಬುದ್ಧಿವಂತ. ಅದರ ಕಾಳಿಗೆ ಒಂದು ಚೂಪು ಮೂತಿ, ಹಿಂದೆ ಹಗ್ಗದ ಹಾಗೆ ಹುರಿಗೊಂಡ ಉದ್ದ ಬಾಲ. ರಾತ್ರಿ ತೇವಕ್ಕೆ ಹುರಿ ಬಿಚ್ಚಿಕೊಳ್ಳುತ್ತೆ, ಹಗಲು ಒಣಗಿ ಮತ್ತೆ ಹುರಿಗೊಳ್ಳುತ್ತೆ. ಹೀಗೆ ತಿರುಗಿ ತಿರುಗಿ ಕಾಳು ತಾನೇ ಮಣ್ಣಿನೊಳಗೆ ಕೊರೆದುಕೊಂಡು ಇಳಿಯುತ್ತೆ. ಕೂರಿಗೆ ಇಲ್ಲ, ಎತ್ತು ಇಲ್ಲ, ತನ್ನನ್ನು ತಾನೇ ಬಿತ್ತಿಕೊಳ್ಳೋ ಹಣ್ಣು.

ಕೊನೆಗೆ ಕಾಂಗ್ರೆಸ್ ಕಸ. ಇದಕ್ಕೂ ಹಣ್ಣು ಅಕೀನೇ. ಪ್ರತಿ ಹಣ್ಣಿನ ಅಕ್ಕಪಕ್ಕ ಎರಡು ಒಣಗಿದ ಹೂವು ಅಂಟಿಕೊಂಡಿರುತ್ತವೆ, ನೀರಲ್ಲಿ ತೇಲೋಕೆ ಟ್ಯೂಬ್ ಕಟ್ಟಿದ ಹಾಗೆ. ಕಾಲುವೆ ನೀರು, ಟ್ರ್ಯಾಕ್ಟರ್ ಟಯರಿನ ಮಣ್ಣು, ಜೆಸಿಬಿ ಚಕ್ರ, ಬೇರೆ ಕಡೆಯಿಂದ ತಂದ ಗೊಬ್ಬರ, ಎಲ್ಲವೂ ಅದರ ವಾಹನ. ಒಂದು ಗಿಡ 15 ಸಾವಿರಕ್ಕೂ ಹೆಚ್ಚು ಹಣ್ಣು ಬಿಡಬಲ್ಲದು. ಭಾರತಕ್ಕೆ ಬಂದು ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ ಪುಣೆಯ ಕಡೆ. ಇದನ್ನು ತಿನ್ನೋ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಕಾಂಗ್ರೆಸ್ ಕಸದ ಮೇಲೆ ಕೆನೆ ಬಣ್ಣದ, ಕಂದು ಗೀರಿನ ಪುಟ್ಟ ದುಂಬಿ ಕಂಡರೆ ಸಾಯಿಸಬೇಡಿ, ಅದು ನಮ್ಮ ಕಡೆಯದು.

ಎಲ್ಲಿಗೂ ಹೋಗದ ಜೋಳ

ಈಗ ಜೋಳಕ್ಕೆ ಬನ್ನಿ. ರೆಕ್ಕೆ ಇಲ್ಲ, ಕುಚ್ಚಿಲ್ಲ, ಅಂಟಿಲ್ಲ, ಕೊಕ್ಕೆಯಿಲ್ಲ. ತೆನೆ ಬಲಿತು ಒಣಗಿ ನಿಂತರೂ ಕಾಳು ಕೆಳಗೆ ಬೀಳೋದಿಲ್ಲ. ತೆನೆ ಕೊಯ್ದು, ಕಣಕ್ಕೆ ಹಾಕಿ, ಬಡಿದೋ ತುಳಿಸಿಯೋ ರಾಶಿ ಮಾಡಬೇಕು.

ಇದು ಹುಟ್ಟಾ ಬಂದ ಗುಣ ಅಲ್ಲ. ಕಾಡುಜೋಳದ ಕಾಳು ಬಲಿತ ಕೂಡಲೇ ತಾನೇ ಕಳಚಿ ಉದುರುತ್ತೆ. ಬದುಕೋಕೆ ಅದು ಬೇಕು. ಆದರೆ ಉದುರೋ ತೆನೆಯಿಂದ ಮನುಷ್ಯನಿಗೆ ಏನು ಸಿಕ್ಕೀತು? ಕೊಯ್ಯೋರ ಕೈಗೆ ಸಿಕ್ಕಿದ್ದು, ಯಾವುದೋ ಕಾರಣಕ್ಕೆ ಉದುರದೆ ಉಳಿದ ತೆನೆಗಳು. ಮುಂದಿನ ವರ್ಷ ಬಿತ್ತಿದ್ದೂ ಅವೇ. ವರ್ಷ ವರ್ಷ ಹೀಗೇ ನಡೆದು ಉದುರೋ ಗುಣವೇ ಹೋಯ್ತು. ಪೂರ್ವ ಸುಡಾನಿನಲ್ಲಿ ಸಿಕ್ಕ ಮಡಕೆ ಚೂರುಗಳ ಮಣ್ಣಿನಲ್ಲಿ ಜೋಳದ ಅಚ್ಚುಗಳಿವೆ. 5,000 ವರ್ಷಕ್ಕೂ ಹಿಂದೆಯೇ ಅಲ್ಲಿ ಈ ಬದಲಾವಣೆ ಶುರುವಾಗಿತ್ತು ಅಂತ ಅವುಗಳಿಂದ ಗೊತ್ತಾಗುತ್ತೆ. 2012ರಲ್ಲಿ ವಿಜ್ಞಾನಿಗಳು ಇದಕ್ಕೆ ಕಾರಣವಾದ ಜೀನನ್ನೇ ಹಿಡಿದರು. ಹೆಸರು ಶ್ಯಾಟರಿಂಗ್-1. ಜೋಳದಲ್ಲಿ ಅದು ಕೆಟ್ಟು ನಿಂತಿದೆ. ಅಕ್ಕಿ, ಮೆಕ್ಕೆಜೋಳದಲ್ಲೂ ಅದೇ ಜೀನ್ ಬೇರೆ ಬೇರೆಯಾಗಿ ಬದಲಾಗಿದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಒಂದು ಮುಖ್ಯ ಫಂಕ್ಷನ್ ಕೆಲಸ ನಿಲ್ಲಿಸಿತು, ಯೂಸರ್‌ಗಳು ಅದನ್ನೇ ಇಷ್ಟಪಟ್ಟರು.

ಅಂದರೆ ಜೋಳ ಹಾರೋದನ್ನ, ಉದುರೋದನ್ನ ಬಿಟ್ಟು ನಮ್ಮ ಕೈ ಹಿಡಿದ ಹಣ್ಣು. ನಾವು ಬಿತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಫ್ರಿಕಾದಿಂದ ಕೃಷ್ಣೆ, ಭೀಮೆಯ ನಡುವಿನ ಈ ಕರಿ ನೆಲದವರೆಗೂ ಅದು ಬಂದದ್ದು ಮನುಷ್ಯರ ಕೈಯಿಂದ ಕೈಗೆ. ಇಲ್ಲಿಗೆ ಬಂದ ಮೇಲೆ ಮಾತ್ರ ಮನೆಯವರೇ ಆಗಿಬಿಟ್ಟಿತು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ. ಆ ಮಳೆಯನ್ನು ಎರಿ ಮಣ್ಣು ಹೀರಿ ಇಟ್ಟುಕೊಳ್ಳುತ್ತೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದರೆ ಹಿಂಗಾರಿ ಜೋಳ ಮಣ್ಣಿನೊಳಗಿನ ಆ ತೇವ ಮತ್ತು ಚಳಿಗಾಲದ ಇಬ್ಬನಿ ಮೇಲೇ ಬೆಳೆದುಬಿಡುತ್ತೆ. "ಡೋಣಿ ಬೆಳೆದರ ಓಣೆಲ್ಲ ಜೋಳ" ಅನ್ನೋ ಗಾದೆ ಬಬಲೇಶ್ವರ, ಸಾರವಾಡದ ಕಡೆ ಈಗಲೂ ಹೇಳ್ತಾರೆ. ಡೋಣಿ ಹೊಳೆಯ ನೀರು ಉಪ್ಪು, ಆದರೆ ಅದರ ದಂಡೆಯ ಮಣ್ಣು ಬಂಗಾರ.

ಜೋಳದ ಹೊಲದ ಅಂಚಿಗೆ ಕುಸುಬಿ ಸಾಲು ಹಾಕೋದು ಹಳೇ ಪದ್ಧತಿ. ಮುಳ್ಳಿಗೆ ದನ ಒಳಗೆ ಬರಲ್ಲ. ಕುಸುಬಿ ಕಾಳೂ ಅಕೀನ್, ಸೂರ್ಯಕಾಂತಿಯ ಬಂಧು. ಅದು ಕೂಡ ಹಾರೋದು ಬಿಟ್ಟು ತೆನೆಯಲ್ಲೇ ಕೂತುಕೊಳ್ಳೋ ಜಾತಿ. ಸೂರ್ಯಕಾಂತಿ ಇವೆರಡಕ್ಕಿಂತ ಹೊಸಬ. ಎಣ್ಣೆಗಾಗಿ ಬೆಳೆಯೋ ತಳಿಗಳು 1969ರ ಹೊತ್ತಿಗೆ ರಷ್ಯಾದಿಂದ ಬಂದವು. ದೇಶದ ಮೊದಲ ಹೈಬ್ರಿಡ್ ಬಿಎಸ್ಎಚ್-1 ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ 1980ರಲ್ಲಿ ಬಂತು. ಹೈಬ್ರಿಡ್ ಆದರೆ ಪ್ರತಿ ವರ್ಷ ಬೀಜ ಅಂಗಡಿಯಿಂದಲೇ ತರಬೇಕು, ಮನೆಯಲ್ಲಿ ಇಟ್ಟ ಕಾಳು ಬಿತ್ತಿದರೆ ಅದೇ ಗುಣ ಬರೋದಿಲ್ಲ. ಊರ ಜೋಳ ಹಾಗಲ್ಲ. ಅದು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತೆ. ಒಳ್ಳೇ ತೆನೆ ಆರಿಸಿ ಇಟ್ಟರೆ ಮೊಮ್ಮಗಳ ಕಾಲಕ್ಕೂ ಅದೇ ಜೋಳ.

ಉಡಿಯಲ್ಲಿ ಬಂದ ಬೀಜ

ನಮ್ಮ ಹೊಲದ ಜೋಳ ಮಾಲದಂಡಿ ಜಾತಿಗೆ ಹತ್ತಿರದ್ದು. ಪ್ರಸಿದ್ಧವಾದ ಎಂ 35-1 ಮಾಲದಂಡಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಊರ ಜೋಳದಿಂದಲೇ ಆರಿಸಿ ತೆಗೆದರು. ಇಂದಿಗೂ ಹಿಂಗಾರಿಗೆ ಅದರ ಹೆಸರೇ ಮುಂದೆ. ಆದರೆ ನಮ್ಮದಕ್ಕೆ ಅಂಥ ನಂಬರ್ ಇಲ್ಲ. ಆಯಿ ಅದಕ್ಕೆ ಅನ್ನೋದು "ನಮ್ಮ ಜ್ವಾಳ" ಅಂತಷ್ಟೇ.

ಆಯಿಯ ತವರು ಬಬಲೇಶ್ವರದ ಕಡೆ. ಮದುವೆಯಾಗಿ ಬರುವಾಗ ಉಡಿ ತುಂಬಿದ ಜೋಳದಲ್ಲಿ ಒಂದು ಬೊಗಸೆ ತೆಗೆದಿಟ್ಟು, ಬಿತ್ತನೆ ದಿನ ಮಾವನ ಕೈಗೆ ಕೊಟ್ಟಳಂತೆ. ಆ ವರ್ಷ ಹೊಲದ ಒಂದು ಮೂಲೆ. ಮರುವರ್ಷ ಒಂದು ಪಟ್ಟಿ. ಆಮೇಲೆ ಇಡೀ ಹೊಲ. ನಮ್ಮ ಮುತ್ಯಾ ಇದ್ದಾಗ ಬೀಜ ಆರಿಸೋ ಕೆಲಸಕ್ಕೆ ಯಾರನ್ನೂ ಬಿಡುತ್ತಿರಲಿಲ್ಲವಂತೆ, ಆಯಿ ಒಬ್ಬಳನ್ನು ಬಿಟ್ಟು.

ಆಕೆಯ ವಿಧಾನ ನಾನು ನೋಡಿ ಕಲಿತದ್ದು. ಬದುವಿನ ಕಡೆಯ ತೆನೆ ಬೇಡ, ಹೊಲದ ನಡುವಿನದೇ ಬೇಕು. ಎತ್ತರದ ದಂಟಲ್ಲ, ಗಟ್ಟಿ ದಂಟು. ಬಿಗಿಯಾದ, ಕಾಳು ದುಂಡಗಿರೋ ತೆನೆ. ಬೇರೆ ಬಣ್ಣದ ಒಂದು ಕಾಳು ಕಂಡರೂ ಆ ತೆನೆ ರಾಶಿಗೆ. ಆರಿಸಿದ್ದನ್ನು ಬೇರೆ ಒಣಗಿಸಿ, ಕೈಯಿಂದ ಉದುರಿಸಿ, ಮೊರದಲ್ಲಿ ಕೇರಿ, ಬೂದಿ ಮತ್ತು ಒಣ ಬೇವಿನ ಎಲೆ ಸೇರಿಸಿ ಗಡಿಗೆಗೆ ಹಾಕಿ, ಬಾಯಿ ಮೆತ್ತಿ ಇಡ್ತಾಳೆ. ಊಟದ ಜೋಳಕ್ಕೆ ಮೊದಲು ಹಗೇವು ಇತ್ತು, ಈಗ ಚೀಲ. ಬೀಜದ ಗಡಿಗೆ ಮಾತ್ರ ಬದಲಾಗಿಲ್ಲ.

ಒಂದು ಗ್ರಾಮಿಗೆ ಸುಮಾರು 30 ಕಾಳು. ಎಕರೆಗೆ 3 ಕಿಲೋ ಬೀಜ ಸಾಕು. ಅಂದರೆ ಒಂದು ಸಣ್ಣ ಗಡಿಗೆಯಲ್ಲಿ ಮೂರು ಎಕರೆಯ ಮುಂದಿನ ವರ್ಷ ಕೂತಿರುತ್ತೆ. ಎಕ್ಸೆಲ್ ಶೀಟಿನಲ್ಲಿ ಈ ಗುಣಾಕಾರ ಮಾಡಿದ ದಿನ ಆ ಗಡಿಗೆ ನನ್ನ ಕಣ್ಣಿಗೆ ಬೇರೆಯೇ ಕಾಣಿಸಿತು.

ಗಾಳಿ ಈ ಬೀಜವನ್ನು ಬಬಲೇಶ್ವರದಿಂದ ತಿಕೋಟಾಕ್ಕೆ ತರುತ್ತಿರಲಿಲ್ಲ. ಹಕ್ಕಿ ತಿಂದರೆ ಅರಗಿಸಿಕೊಂಡುಬಿಡುತ್ತಿತ್ತು. ತಂದದ್ದು ಹದಿನಾರು ವರ್ಷದ ಒಬ್ಬ ಮದುಮಗಳು.

ಮೂರು ಎಕರೆಯ ಪ್ರಶ್ನೆ

ನಮಗಿರೋದು 5 ಎಕರೆ. ಎರಡರಲ್ಲಿ ದ್ರಾಕ್ಷಿ, ಮೂರರಲ್ಲಿ ಜೋಳ. ನಮ್ಮ ಕಡೆ ಈಗ ಏತ ನೀರಾವರಿಯಿಂದ ಕೆರೆಗಳಿಗೆ ನೀರು ಬರ್ತಿದೆ, ಬೋರ್‌ವೆಲ್ ಮೊದಲಿನ ಹಾಗೆ ಕೈಕೊಡ್ತಿಲ್ಲ. ಮೊನ್ನೆ ಎಳ್ಳಮಾಸಿಗೆ ಊರಿಗೆ ಹೋದಾಗ ತಮ್ಮ ವಿಷಯ ತೆಗೆದ.

"ಅಕ್ಕಾ, ಉಳಿದ ಮೂರು ಎಕರೆಕ್ಕೂ ದ್ರಾಕ್ಷಿ ಹಚ್ಚೂನು. ಕಂಬ, ತಂತಿ, ಡ್ರಿಪ್ಪು, ಸಸಿ ಅಂತ ಭಾಳ ಖರ್ಚ ಐತಿ. ಅರ್ಧ ಬ್ಯಾಂಕಿನ್ಯಾಗ ತಗೋತೀನಿ, ಅರ್ಧ ನೀ ಕೊಡು."

ಅವನು ತಪ್ಪು ಹೇಳ್ತಿಲ್ಲ. ನಾನೇ ಕೂತು ಲೆಕ್ಕ ಮಾಡಿದೆ. ನಮ್ಮ ಹೊಲದಲ್ಲಿ ಒಳ್ಳೇ ವರ್ಷ ಜೋಳ ಎಕರೆಗೆ 5 ಚೀಲ. ಜೊತೆಗೆ ಕಣಕಿ. ಕೊಯ್ಯೋಕೆ ಆಳು ಸಿಗಲ್ಲ, ಸಿಕ್ಕರೆ ಕೂಲಿ ಕೊಟ್ಟು ಉಳಿಯೋದು ಅಷ್ಟಕ್ಕಷ್ಟೇ. ಹಕ್ಕಿ ಕಾಯೋಕೆ ಮಂಚಿಕೆ ಮೇಲೆ ಕವಣಿ ಹಿಡಿದು ನಿಲ್ಲೋ ಹುಡುಗರೂ ಈಗ ಇಲ್ಲ, ಎಲ್ಲಾ ಶಾಲೆಗೆ ಹೋಗ್ತಾರೆ, ಹೋಗಲೇಬೇಕು. ದ್ರಾಕ್ಷಿ ಕೈಹಿಡಿದರೆ ಒಂದೇ ವರ್ಷದಲ್ಲಿ ಜೋಳ ಎಷ್ಟೋ ವರ್ಷಕ್ಕೆ ಕೊಡೋದನ್ನು ಕೊಡುತ್ತೆ. ನನ್ನ ಇಂಜಿನಿಯರಿಂಗ್ ಫೀಸ್ ಕಟ್ಟಿದ್ದು ಜೋಳ ಅಲ್ಲ, ಒಣದ್ರಾಕ್ಷಿ. ಅದನ್ನು ಮರೆತು ಬೆಂಗಳೂರಿನಲ್ಲಿ ಕೂತು "ಸಿರಿಧಾನ್ಯ ಉಳಿಸಿ" ಅನ್ನೋ ಹಕ್ಕು ನನಗಿಲ್ಲ.

ಆದರೆ ಇನ್ನೊಂದು ಕಡೆಯೂ ಇದೆ. ಬರ ಬಿದ್ದ ವರ್ಷ ಅಪ್ಪ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡದ್ದನ್ನು ನೋಡಿದ್ದೇನೆ. ಶೆಡ್ಡಿನಲ್ಲಿ ಒಣಗಲು ಹಾಕಿದ ದ್ರಾಕ್ಷಿ ಮೇಲೆ ಅಕಾಲ ಮಳೆ ಬಂದು ಬಣ್ಣ ಕೆಟ್ಟಾಗ, ತಾಸಗಾಂವ ಮಾರ್ಕೆಟ್ಟಿನಿಂದ ಅಪ್ಪ ಖಾಲಿ ಮುಖ ಹೊತ್ತು ಬಂದದ್ದನ್ನೂ ನೋಡಿದ್ದೇನೆ. ಆ ವರ್ಷಗಳಲ್ಲಿ ಮನೆಯಲ್ಲಿ ಊಟಕ್ಕೆ ಕೊರತೆ ಆಗದೆ ಇದ್ದದ್ದು ಆ ಮೂರು ಎಕರೆಯಿಂದ. ಎರಡು ಎಮ್ಮೆ ಮಾರದೆ ಉಳಿದದ್ದು ಕಣಕಿ ಬಣವಿಯಿಂದ.

ಇನ್ನೊಂದು ತಮಾಷೆ ನೋಡಿ. ನಮ್ಮ ಥಾಮ್ಸನ್ ದ್ರಾಕ್ಷಿಗೆ ಬೀಜವೇ ಇಲ್ಲ. ಡಾಗ್‌ರಿಡ್ಜ್ ಅನ್ನೋ ಗಟ್ಟಿ ಜಾತಿಯ ಬೇರಿಗೆ ಅದರ ಕಡ್ಡಿ ಕಸಿ ಕಟ್ಟಬೇಕು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ನಡುವೆ ಔಷಧಿ, ನೀರು. ಮನುಷ್ಯ ಕೈಬಿಟ್ಟರೆ ಅದೂ ಇಲ್ಲ. ಒಂದು ಹಣ್ಣು ಬೀಜವನ್ನೇ ಬಿಟ್ಟಿದೆ, ಇನ್ನೊಂದು ಬೀಜ ಬೀಳಿಸೋದನ್ನ ಬಿಟ್ಟಿದೆ. ಎರಡೂ ನಮ್ಮನ್ನೇ ನಂಬಿವೆ. ವ್ಯತ್ಯಾಸ ಒಂದೇ. ದ್ರಾಕ್ಷಿ ಸಸಿ ಯಾವ ನರ್ಸರಿಯಲ್ಲಾದರೂ ಸಿಗುತ್ತೆ. "ನಮ್ಮ ಜ್ವಾಳ" ಆ ಗಡಿಗೆ ಬಿಟ್ಟರೆ ಮತ್ತೆಲ್ಲಿ ಸಿಗುತ್ತೆ? ಗಡಿಗೆಯಲ್ಲಿಟ್ಟ ಬೀಜ ಎಷ್ಟೋ ವರ್ಷ ಬದುಕೋದಿಲ್ಲ. ವರ್ಷ ಕಳೆದ ಹಾಗೆ ಮೊಳಕೆ ಕಡಿಮೆಯಾಗುತ್ತೆ. ಬಿತ್ತುತ್ತಾ ಇರಬೇಕು, ಇಲ್ಲ ಮುಗೀತು.

ಅಪ್ಪ ಏನೂ ಹೇಳಲಿಲ್ಲ. ಆಯಿಯನ್ನು ಕೇಳಿದೆವು. ಆಕೆ ಜೋಳ ಉಳಿಸಿ ಅಂತ ಅಳಲೂ ಇಲ್ಲ, ಬೈಯಲೂ ಇಲ್ಲ.

"ನೀರ ಬಂದೈತಿ, ದುಡಿಯೂ ಹುಡುಗ ಅದಾನ. ಹಚ್ಚಲಿ. ಗಾಳಿ ಬಂದಾಗ ತೂರ್ಕೋಬೇಕು. ಆದ್ರ ತೂರೂ ಮುಂದ ಕಾಳ ಯಾವ್ದು, ಹೊಟ್ಟ ಯಾವ್ದು ನೋಡ್ಕೋರಿ."

ಗಾದೆಯನ್ನು ನಾವೆಲ್ಲ ಅವಕಾಶ ಬಂದಾಗ ಬಳಸಿಕೋ ಅನ್ನೋ ಅರ್ಥಕ್ಕಷ್ಟೇ ಹೇಳ್ತೀವಿ. ಕಣದಲ್ಲಿ ಮೊರ ಎತ್ತಿ ಹಿಡಿದವಳಿಗೆ ಅದರ ಇನ್ನರ್ಧವೂ ಗೊತ್ತು. ಗಾಳಿ ಹಗುರವಾದದ್ದನ್ನು ಒಯ್ಯುತ್ತೆ. ಭಾರವಾದದ್ದು ಕಾಲ ಬಳಿ ಬೀಳುತ್ತೆ. ಗಾಳಿಗೆ ಹೋಗಬಾರದು ಅಂತಲೇ ನಾವು ಸಾವಿರಾರು ವರ್ಷ ಆರಿಸುತ್ತಾ ಬಂದ ಹಣ್ಣು ಅದು.

ಮರುದಿನ ಚರಗ. ಎಳ್ಳಮಾಸಿಗೆ ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಹೊಲದ ಸುತ್ತ ಅನ್ನ, ಕಡುಬು ಚೆಲ್ಲುತ್ತಾರೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಜೊತೆಗೆ ಮೊಣಕಾಲು ದಾಟಿ ಎದೆ ಮಟ್ಟ ನಿಂತ ಜೋಳ. ಊಟ ಆದ ಮೇಲೆ ನಾವು ಮೂವರೂ, ಅಪ್ಪ, ತಮ್ಮ, ನಾನು, ಬದುವಿನ ಮೇಲೆ ಕೂತು ತೀರ್ಮಾನ ಮಾಡಿದೆವು. ಎರಡು ಎಕರೆಗೆ ದ್ರಾಕ್ಷಿ. ದುಡ್ಡು ನಾನು ಕೊಡ್ತೀನಿ, ಬೆಂಗಳೂರಿನಲ್ಲಿ ಫ್ಲ್ಯಾಟ್ ಬುಕ್ ಮಾಡೋದು ಎರಡು ವರ್ಷ ಮುಂದಕ್ಕೆ. ಒಂದು ಎಕರೆ ಜೋಳ ಹಾಗೇ ಇರಬೇಕು, ಸುತ್ತ ಕುಸುಬಿ ಸಾಲು ಸಮೇತ. ಆ ಎಕರೆಯ ಕೊಯ್ಲಿನ ಕೂಲಿ ನನ್ನ ಲೆಕ್ಕಕ್ಕೆ. ಬೀಜ ಆರಿಸೋಕೆ ನಾನೇ ರಜೆ ಹಾಕಿ ಬರ್ತೀನಿ.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. "ಒಂದ ಎಕರೆದಾಗ ನಿನಗೇನ ಸಿಗತೈತಿ ಅಕ್ಕಾ?" ಅಂದ.

"ಸೀತನಿ" ಅಂದೆ. ಅವನು ನಕ್ಕ. ಹಸಿ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ತಿನ್ನೋದು ಅವನಿಗೂ ಪ್ರಾಣ.

ನೀವೂ ಸ್ವಲ್ಪ ಒಯ್ಯಬಹುದು

ನನ್ನ ಹಾಗೆ ಊರು ಬಿಟ್ಟು ಬಂದವರು ಈ ಪುಟ ಓದ್ತಾ ಇದ್ದರೆ ಎರಡು ಮಾತು. ನಿಮ್ಮ ಮನೆಯಲ್ಲೂ ಹೆಸರಿಲ್ಲದ ಒಂದು ಜೋಳ, ಒಂದು ನವಣೆ, ಒಂದು ಭತ್ತ ಇರಬಹುದು. ಮುಂದಿನ ಸಲ ಹೋದಾಗ ಕೇಳಿ: ಇದು ಎಲ್ಲಿಂದ ಬಂತು, ಯಾರು ತಂದರು, ಯಾವ ತೆನೆ ಆರಿಸಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೀಜ ಉಳಿದರೂ ಆರಿಸೋ ಕಣ್ಣು ಹೋದರೆ ಪ್ರಯೋಜನ ಇಲ್ಲ.

ಎರಡನೇದು, ಒಂದೇ ಗಡಿಗೆಯಲ್ಲಿ ಇಡಬೇಡಿ. ಸರ್ವರ್ ನೋಡಿಕೊಳ್ಳೋ ಕೆಲಸದಲ್ಲಿರೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾಕಪ್ ಅದೇ ರೂಮಿನಲ್ಲಿದ್ದರೆ ಅದು ಬ್ಯಾಕಪ್ ಅಲ್ಲ. ತಪಸಿ ಮರಕ್ಕೂ ಇದು ಗೊತ್ತು, ಅದಕ್ಕೇ ಹಣ್ಣನ್ನು ನೆರಳಿನಾಚೆ ಕಳಿಸುತ್ತೆ. ದೆಹಲಿಯಲ್ಲಿ ರಾಷ್ಟ್ರೀಯ ಜೀನ್ ಬ್ಯಾಂಕ್ ಇದೆ, ಊರ ತಳಿಗಳನ್ನು ಕೊರೆಯೋ ಚಳಿಯಲ್ಲಿ ಕಾಪಾಡುತ್ತಾರೆ. ಹತ್ತಿರದಲ್ಲಿ ವಿಜಯಪುರದ ಕೃಷಿ ಸಂಶೋಧನಾ ಕೇಂದ್ರ ಹಿಟ್ಟಿನಹಳ್ಳಿಯಲ್ಲಿದೆ, ಹಿಂಗಾರಿ ಜೋಳವೇ ಅಲ್ಲಿನ ದೊಡ್ಡ ಕೆಲಸ. ಅಷ್ಟೆಲ್ಲ ಬೇಡ ಅಂದರೆ ಬೀಗರ ಹೊಲವಾದರೂ ಸಾಕು.

ಈ ಫೆಬ್ರವರಿಯಲ್ಲಿ ರಾಶಿ ಮುಗಿದ ಮೇಲೆ ನಾನು, ಆಯಿ ಕೂತು ತೆನೆ ಆರಿಸಿದೆವು. 9 ಕಿಲೋ ಬೀಜ ಆಯ್ತು. ನಮ್ಮ ಒಂದು ಎಕರೆಗೆ 3 ಕಿಲೋ. ಬಬಲೇಶ್ವರದಲ್ಲಿರೋ ಆಯಿಯ ತಮ್ಮನ ಮಗನಿಗೆ 3 ಕಿಲೋ, ಆ ಮನೆಯಲ್ಲಿ ಈ ಜಾತಿ ಎಂದೋ ಹೋಗಿಬಿಟ್ಟಿತ್ತಂತೆ, ತವರಿನ ಬೀಜ ತವರಿಗೇ ವಾಪಸ್. ಉಳಿದ ಮೂರರಲ್ಲಿ ಎರಡು ಪಕ್ಕದ ಹೊಲದವರಿಗೆ.

ಕೊನೆಯ ಒಂದು ಕಿಲೋವನ್ನು ಆಯಿ ನನ್ನ ಬ್ಯಾಗಿಗೆ ಹಾಕಿದಳು. ಬೆಂಗಳೂರಿನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಇದನ್ನೇನು ಮಾಡಲಿ ಅಂದರೆ, "ನಿನಗಲ್ಲ. ನಿನ್ನ ಕೂಡ ಕೆಲಸಾ ಮಾಡಾವ್ರಾಗ ಹೊಲಾ ಇದ್ದಾವ್ರು ಯಾರರ ಇರ್ತಾರಲ್ಲ, ಅವ್ರಿಗೆ ಕೊಡು" ಅಂದಳು. ಟೀಮಿನಲ್ಲಿ ಗದಗ ಕಡೆಯ ಹುಡುಗನೊಬ್ಬ ಇದ್ದಾನೆ, ಅವರ ತಂದೆಗೆ ಎರಿ ಹೊಲ ಇದೆಯಂತೆ. ಸೋಮವಾರ ಅವನ ಡೆಸ್ಕಿನ ಮೇಲೆ ಪೊಟ್ಟಣ ಇಟ್ಟು, ಬಿತ್ತೋ ತಿಂಗಳು ಮತ್ತು ತೆನೆ ಆರಿಸೋ ವಿಧಾನ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಈ ವಾರ ಅವನು ಊರಿಗೆ ಹೊರಟಿದ್ದಾನೆ.